ಓದುಗರ ಪ್ರಶ್ನೆ: ಬುಟ್ಟಿ ಖಾಲಿಯಾಯಿತು, ಆಟ ಕುದುರಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗದವು: ಗಾಲ್ಫ್ ಆಡಲು ಇಷ್ಟ, ಅಭ್ಯಾಸ ಮಾಡಲು ಮಾತ್ರ ಬೇಸರ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ. ಎಡ ಬಲ ಎಂದು ಹೇಳಿರುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಪ್ರಶ್ನೆ: ವಾರಕ್ಕೆರಡು ಸಲ ರೇಂಜ್‌ಗೆ (ಅಭ್ಯಾಸದ ಬಯಲಿಗೆ) ಹೋಗಿ ನೂರು ಚೆಂಡಿನ ಬುಟ್ಟಿ ತೆಗೆದುಕೊಳ್ಳುತ್ತೇನೆ. ನಲವತ್ತು ನಿಮಿಷದಲ್ಲಿ ಖಾಲಿ. ಅರ್ಧ ಬುಟ್ಟಿಗೇ ಬೋರು ಹೊಡೆಯುತ್ತದೆ. 7 ಐರನ್ ಅಲ್ಲಿ ಸೊಗಸಾಗಿ ಹೋಗುತ್ತದೆ, ಕೋರ್ಸ್‌ಗೆ ಇಳಿದರೆ ಅದೇ ಕ್ಲಬ್ ಮುನಿಸಿಕೊಳ್ಳುತ್ತದೆ. ಏನು ಮಾಡಲಿ?

ನಲವತ್ತು ನಿಮಿಷಕ್ಕೆ ನೂರು ಚೆಂಡು ಎಂದರೆ ಚೆಂಡಿಗೆ 24 ಸೆಕೆಂಡು. ಕೋರ್ಸ್‌ನಲ್ಲಿ ಒಂದು ಹೊಡೆತ ಮುಗಿಸಿ ಮುಂದಿನದಕ್ಕೆ ನಿಲ್ಲುವಷ್ಟರಲ್ಲಿ ನಿಮಿಷಗಟ್ಟಲೆ ನಡೆದಿರುತ್ತೀರಿ. ಕ್ಲಬ್ ಬದಲಾಗಿರುತ್ತದೆ, ಕಾಲ ಕೆಳಗಿನ ಇಳಿಜಾರು ಬದಲಾಗಿರುತ್ತದೆ, ಎರಡನೇ ಅವಕಾಶವಂತೂ ಇಲ್ಲ. ರೇಂಜ್‌ನಲ್ಲಿ ಹತ್ತನೇ 7 ಐರನ್ ಹೊಡೆಯುವಾಗ ಒಂಬತ್ತನೆಯದರ ಲಯ ಇನ್ನೂ ಕೈಯಲ್ಲೇ ಇರುತ್ತದೆ. ಅದಕ್ಕೇ ಚೆನ್ನಾಗಿ ಹೋಗುತ್ತದೆ. ಮಗ್ಗಿಯನ್ನು ಮೊದಲಿನಿಂದ ಗಡಗಡ ಒಪ್ಪಿಸುವ ಹುಡುಗನನ್ನು ನಡುವೆ ನಿಲ್ಲಿಸಿ ಏಳೆಂಟಲ ಎಷ್ಟು ಎಂದು ಕೇಳಿದರೆ ತಡವರಿಸುತ್ತಾನಲ್ಲ, ಹಾಗೆ.

1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ನಡೆಸಿದ ಒಂದು ಪ್ರಯೋಗ ಇದನ್ನೇ ತೋರಿಸಿತು. ಸಣ್ಣ ಅಡ್ಡಹಲಗೆಗಳನ್ನು ಮೂರು ಬೇರೆ ಬೇರೆ ಕ್ರಮದಲ್ಲಿ ಕೈಯಿಂದ ಬೇಗ ಬೇಗ ಬೀಳಿಸುವ ಕೆಲಸ. ಒಂದು ಗುಂಪು ಒಂದು ಕ್ರಮವನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಮೂರನ್ನೂ ಕಲಸಿಕೊಂಡು ಮಾಡಿತು. ಅಭ್ಯಾಸ ಮಾಡುವಾಗ ಮೊದಲ ಗುಂಪೇ ಚುರುಕು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿಕೊಂಡವರೇ ಮುಂದಿದ್ದರು. ನಿಮ್ಮ ಬೇಸರಕ್ಕೂ ಇದೇ ಬೇರು. ಗಿಣಿಪಾಠದಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ, ಮನಸ್ಸು ಎದ್ದು ಹೋಗುತ್ತದೆ.

ಬುಟ್ಟಿಯನ್ನು 50ಕ್ಕೆ ಇಳಿಸಿ, ಸಮಯ ಅಷ್ಟೇ ಇರಲಿ. ಮೊದಲ 10 ಚೆಂಡು ಮೈ ಬಿಸಿಯಾಗಲು, ವೆಜ್‌ನಿಂದ (ಗಿಡ್ಡ ದೂರದ ಕ್ಲಬ್) ಶುರು. ಮುಂದಿನ 15 ಒಂದೇ ಒಂದು ದೋಷದ ಮೇಲೆ. ಉಳಿದ 25 ಚೆಂಡಿನಲ್ಲಿ ರೇಂಜ್‌ನಲ್ಲೇ ಕೋರ್ಸ್ ಆಡಿ. ನಿಮಗೆ ಪರಿಚಯದ ಕೋರ್ಸ್‌ನ ಮೊದಲ ಹೋಲ್ 380 ಗಜದ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸುವ ಲೆಕ್ಕದ್ದು) ಎಂದುಕೊಳ್ಳಿ. ದೂರದಲ್ಲಿ ಸುಮಾರು 25 ಗಜ ಅಂತರದ ಎರಡು ಕಂಬ ಅಥವಾ ಮರ ಗುರುತಿಸಿ, ಅದೇ ಫೇರ್‌ವೇ, ಅಂದರೆ ಕತ್ತರಿಸಿದ ಹುಲ್ಲಿನ ದಾರಿ. ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್‌ನಿಂದ ಹೊಡೆಯಿರಿ. ನಿಮ್ಮ ಡ್ರೈವ್ 220 ಗಜ ಹೋಗುವುದಾದರೆ ಉಳಿದದ್ದು 160. ಅದಕ್ಕೆ ತಕ್ಕ ಐರನ್ ತೆಗೆದು ಒಂದು ಬಾವುಟಕ್ಕೆ ಹೊಡೆಯಿರಿ. ಡ್ರೈವ್ ಕಂಬಗಳ ಹೊರಗೆ ಹೋಯಿತೇ? ಮರದ ಕೆಳಗೆ ಸಿಕ್ಕಿಕೊಂಡಿದ್ದೀರಿ. 5 ಐರನ್ ತೆಗೆದು, ಚೆಂಡನ್ನು ಬಲಗಾಲಿನ ಕಡೆ ಇಟ್ಟು, ಅರ್ಧ ಸ್ವಿಂಗ್‌ನಲ್ಲಿ ತಗ್ಗಾಗಿ ಆಚೆ ತಂದು ಆಮೇಲೆ ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹೊಡೆಯಬೇಕು. ಗ್ರೀನ್‌ಗೆ ಹೊಡೆದದ್ದು ಬಾವುಟದ ಹತ್ತು ಹೆಜ್ಜೆಯೊಳಗೆ ಬಿದ್ದರೆ 2 ಸೇರಿಸಿ, ಆಚೆ ಬಿದ್ದರೆ 3. ಹೀಗೆ ಒಂಬತ್ತು ಹೋಲ್. ಸ್ಕೋರ್ ಬರೆದಿಡಿ.

ಇಲ್ಲಿ ಕೆಡುವುದು ಎರಡು ಕಡೆ. ಹೊಡೆದ ಮೇಲೆ ಕಂಬ ಹುಡುಕುವುದು ಒಂದು. ಆಗ ಎಲ್ಲ ಚೆಂಡೂ ಫೇರ್‌ವೇಯಲ್ಲೇ ಬೀಳುತ್ತವೆ. ಇನ್ನೊಂದು, ಕೆಟ್ಟ ಹೊಡೆತದ ಬೆನ್ನಿಗೇ ‘ಇನ್ನೊಂದು ನೋಡೋಣ’ ಎಂದು ಅದೇ ಕ್ಲಬ್‌ನಲ್ಲಿ ಮತ್ತೆ ಹೊಡೆಯುವುದು. ಆ ಎರಡನೇ ಚೆಂಡು ಆಟವನ್ನೇ ಕೊಲ್ಲುತ್ತದೆ. ಪ್ರತಿ ಹೊಡೆತದ ನಂತರ ಕ್ಲಬ್ಬನ್ನು ಬ್ಯಾಗಿಗೆ ಹಾಕುವ ರೂಢಿ ಮಾಡಿಕೊಂಡರೆ ಕೈ ತಾನಾಗಿ ತಡೆಯುತ್ತದೆ. ದೂರವನ್ನು ಮಾತ್ರ ರೇಂಜ್ ಚೆಂಡಿನಿಂದ ಅಳೆಯಬೇಡಿ. ಸವೆದ ಚೆಂಡು, ಕಡಿಮೆ ಹಾರುವಂತೆ ಮಾಡಿದ ಚೆಂಡು ಎರಡೂ ಬುಟ್ಟಿಯಲ್ಲಿರುತ್ತವೆ.

ಪ್ರಶ್ನೆ: ‘ಒಂದೇ ದೋಷದ ಮೇಲೆ ಕೆಲಸ ಮಾಡಿ’ ಎಂದು ಎಲ್ಲರೂ ಹೇಳುತ್ತಾರೆ. ಆ ಒಂದು ಯಾವುದೆಂದು ಗೊತ್ತಾಗುವುದು ಹೇಗೆ? ಪ್ರತಿ ಚೆಂಡಿಗೂ ಹೊಸದೊಂದು ತಿದ್ದುಪಡಿ ಮಾಡಿ ಸುಸ್ತಾಗಿದ್ದೇನೆ.

ಚೆಂಡು ಹೋದ ದಾರಿ ನೋಡಿ ದೋಷ ಹುಡುಕುವುದನ್ನು ಸ್ವಲ್ಪ ದಿನ ಬಿಡಿ. ಚೆಂಡು ಮುಖದ ಯಾವ ಜಾಗಕ್ಕೆ ತಾಗಿತು ಎಂಬುದನ್ನು ಮೊದಲು ನೋಡಿ. ಕಾಲಿಗೆ ಹಾಕುವ ಒಣ ಪೌಡರ್ ಸ್ಪ್ರೇ ಸಿಕ್ಕರೆ ಕ್ಲಬ್ಬಿನ ಮುಖಕ್ಕೆ ತೆಳ್ಳಗೆ ಹೊಡೆಯಿರಿ. ಸಿಗದಿದ್ದರೆ ಬಿಳಿಹಲಗೆಗೆ ಬರೆಯುವ, ಒರೆಸಿದರೆ ಹೋಗುವ ಮಾರ್ಕರ್‌ನಿಂದ ಚೆಂಡಿನ ಹಿಂಬದಿಯಲ್ಲಿ ದಪ್ಪ ಚುಕ್ಕೆ ಇಟ್ಟು ಆ ಬದಿ ಕ್ಲಬ್ಬಿಗೆ ಎದುರಾಗುವಂತೆ ಕೂರಿಸಿ. ಹೊಡೆದಾದ ಮೇಲೆ ಮುಖದ ಮೇಲೆ ಗುರುತು ಉಳಿಯುತ್ತದೆ. ಹತ್ತು ಹೊಡೆತದ ಗುರುತುಗಳು ತುದಿಯ ಕಡೆ ಗುಂಪಾಗಿದ್ದರೆ ಒಂದು ಕಥೆ, ಹಿಮ್ಮಡಿಯ (ಕೋಲು ಸೇರುವ) ಕಡೆ ಇದ್ದರೆ ಇನ್ನೊಂದು, ಚೆಲ್ಲಾಪಿಲ್ಲಿಯಾಗಿದ್ದರೆ ಮೂರನೆಯದು. ಡ್ರೈವರ್‌ನಲ್ಲಿ ತುದಿಗೆ ತಾಗಿದ ಚೆಂಡು ಎಡಕ್ಕೆ ಬಾಗುತ್ತದೆ, ಹಿಮ್ಮಡಿಗೆ ತಾಗಿದ್ದು ಬಲಕ್ಕೆ. ತಾಗಿದಾಗ ಕ್ಲಬ್ಬಿನ ತಲೆ ತಿರುಗುವುದು ಚೆಂಡಿಗೆ ಆ ಸುತ್ತು ಕೊಡುತ್ತದೆ. ಅಂದರೆ ನೀವು ಸ್ವಿಂಗ್ ತಿದ್ದುತ್ತಾ ಕೂತಿರುವ ಬಾಗು ಬರೀ ತಾಗುವ ಜಾಗದ ತಪ್ಪಾಗಿರಬಹುದು. ತುದಿಗೇ ತಾಗುತ್ತಿದ್ದರೆ ಚೆಂಡಿಗೆ ಒಂದು ಬೆರಳಗಲ ಹತ್ತಿರ ನಿಂತು ಐದು ಹೊಡೆದು ನೋಡಿ, ಗುರುತು ಸರಿಯುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಸರಿಯದಿದ್ದರೆ ನಿಲುವಿನದಲ್ಲ, ಸ್ವಿಂಗಿನ ತಪ್ಪು.

ಐರನ್‌ಗಳಿಗೆ ಇನ್ನೊಂದು ಪರೀಕ್ಷೆ, ಟವೆಲ್. ಚಿಕ್ಕ ಟವೆಲ್ಲನ್ನು ಮಡಚಿ ಚೆಂಡಿನ ಹಿಂದೆ ಸುಮಾರು 10 ಸೆಂ.ಮೀ. ಬಿಟ್ಟು ಹಾಸಿ. ಸರಿಯಾಗಿ ಹೊಡೆದರೆ ಕ್ಲಬ್ ಟವೆಲ್ ಮುಟ್ಟುವುದಿಲ್ಲ. ಚೆಂಡಿಗಿಂತ ಮೊದಲೇ ನೆಲ ಹೊಡೆಯುವವರು ಟವೆಲ್ಲನ್ನು ಎಳೆದುಕೊಂಡೇ ಹೋಗುತ್ತಾರೆ. ಮ್ಯಾಟ್ ಮೇಲೆ ಇದು ಇನ್ನೂ ಮುಖ್ಯ. ಹುಲ್ಲಿನಲ್ಲಿ ಕ್ಲಬ್ ನೆಲಕ್ಕೆ ಕಚ್ಚಿಕೊಂಡು ಚೆಂಡು ಅರ್ಧ ದೂರ ಹೋಗುವ ಹೊಡೆತವನ್ನು ಮ್ಯಾಟ್ ಮುಚ್ಚಿಡುತ್ತದೆ. ಕ್ಲಬ್ ಜಾರಿ ಚೆಂಡಿಗೆ ತಾಗಿಬಿಡುತ್ತದೆ, ‘ಪರವಾಗಿಲ್ಲ’ ಎನಿಸುತ್ತದೆ. ಕೋರ್ಸ್‌ನಲ್ಲಿ ಬಣ್ಣ ಬಯಲು. ಆಟದ ರೂಪ ಬೇಕಿದ್ದರೆ ಹೀಗೆ ಮಾಡಿ: ಟವೆಲ್ ತಾಗದೆ, ಗುರುತು ಮುಖದ ನಡುವಿನ ನಾಣ್ಯದಗಲದಲ್ಲಿ ಬಿದ್ದರೆ 2 ಅಂಕ, ಎರಡರಲ್ಲಿ ಒಂದಾದರೆ 1, ಎರಡೂ ತಪ್ಪಿದರೆ ಸೊನ್ನೆ. 15 ಚೆಂಡಿಗೆ 30 ಅಂಕ. ಡ್ರೈವರ್‌ಗೆ ಟವೆಲ್ ಬೇಡ.

ಪ್ರಶ್ನೆ: ಪಟಿಂಗ್ (ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದು) ಅಭ್ಯಾಸ ಮಾಡಿ ಎಂದರೆ ನಿದ್ದೆ ಬರುತ್ತದೆ. ಮೂರು ಚೆಂಡು ಹಾಕಿಕೊಂಡು ಕುಳಿಯಿಂದ ಕುಳಿಗೆ ಹೊಡೆಯುತ್ತಾ ಕಾಲು ಗಂಟೆ ತಿರುಗುತ್ತೇನೆ, ಅಷ್ಟೇ.

ಆ ಮೂರು ಚೆಂಡಿನಲ್ಲೇ ತೊಂದರೆ. ಮೊದಲ ಚೆಂಡು ದಾರಿ ತೋರಿಸಿದ ಮೇಲೆ ಉಳಿದೆರಡು ನಕಲು. ಕೋರ್ಸ್‌ನಲ್ಲಿ ಸಿಗುವುದು ಮೊದಲನೆಯದು ಮಾತ್ರ.

ಪಟಿಂಗ್‌ನಲ್ಲಿ ಎರಡೇ ಕೆಲಸ: ಚೆಂಡು ನೀವು ನೋಡಿಕೊಂಡ ಗೆರೆಯ ಮೇಲೆ ಹೊರಡಬೇಕು, ಸರಿಯಾದ ವೇಗದಲ್ಲಿ ಹೋಗಬೇಕು. ಎರಡನ್ನೂ ಬೇರೆ ಬೇರೆಯಾಗಿ ಆಡಿ.

ಗೆರೆಗೆ ಬಾಗಿಲಾಟ. ಇಳಿಜಾರಿಲ್ಲದ ಕಡೆ ಕುಳಿಯಿಂದ 6 ಅಡಿ ದೂರ ಚೆಂಡಿಡಿ. ಚೆಂಡಿನಿಂದ ಒಂದು ಅಡಿ ಮುಂದೆ, ಕುಳಿಯ ನೇರಕ್ಕೆ, ಎರಡು ಟೀ (ಚೆಂಡು ಕೂರಿಸುವ ಚಿಕ್ಕ ಗೂಟ) ಚುಚ್ಚಿ. ನಡುವಿನ ಜಾಗ 6 ಸೆಂ.ಮೀ. ಚೆಂಡಿನ ವ್ಯಾಸ 42.67 ಮಿ.ಮೀ.; ಅಂದರೆ ಎರಡೂ ಬದಿಗೆ ಹೆಚ್ಚುಕಡಿಮೆ 9 ಮಿ.ಮೀ. ಮಾತ್ರ ಬಿಡುವು. ಈ ಅಳತೆ ಸುಮ್ಮನೆ ಹೇಳಿದ್ದಲ್ಲ: ಕುಳಿಯ ವ್ಯಾಸ 108 ಮಿ.ಮೀ., ಆ ಬಾಗಿಲನ್ನು ಮುಟ್ಟದೆ ದಾಟಿದ ಚೆಂಡು ವೇಗ ಅತಿಯಾಗದಿದ್ದರೆ 6 ಅಡಿಯಲ್ಲಿ ಕುಳಿಗೆ ಬೀಳಲೇಬೇಕು. ಟೀಗೆ ತಾಗಿದಾಗ ‘ಟಕ್’ ಎಂಬ ಸದ್ದೂ ಬರುತ್ತದೆ, ಯಾವ ಬದಿಯ ಟೀ ಎಂಬುದೂ ಕಾಣುತ್ತದೆ. ಬಲಗಡೆಯದಕ್ಕೇ ತಾಗುತ್ತಿದ್ದರೆ ಪಟರ್ ಮುಖ ತೆರೆದಿದೆ ಎಂದು ತಿಳಿಯಿರಿ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಮುಖವೇ. ವೇಗ ಸರಿಯಿದ್ದು ಬಾಗಿಲು ದಾಟಿಯೂ ಕುಳಿ ತಪ್ಪಿದರೆ ನೆಲ ಸಮತಟ್ಟಾಗಿಲ್ಲ, ಜಾಗ ಬದಲಿಸಿ.

ವೇಗಕ್ಕೆ ಮೆಟ್ಟಿಲಾಟ. 3 ಮೀಟರ್ ದೂರದಲ್ಲಿ ಒಂದು ಟೀ, 9 ಮೀಟರ್ ದೂರದಲ್ಲಿ ಇನ್ನೊಂದು. ಮೊದಲ ಚೆಂಡು ಮೊದಲ ಟೀ ದಾಟಿ ನಿಲ್ಲಬೇಕು. ಮುಂದಿನ ಪ್ರತಿ ಚೆಂಡೂ ಹಿಂದಿನದಕ್ಕಿಂತ ಸ್ವಲ್ಪ ದೂರ ಹೋಗಿ ನಿಲ್ಲಬೇಕು. ಹಿಂದಿನದಕ್ಕಿಂತ ಗಿಡ್ಡವಾದರೆ ಅಥವಾ ಕೊನೆಯ ಟೀ ದಾಟಿದರೆ ಆಟ ಮುಗಿಯಿತು. ಎಷ್ಟು ಚೆಂಡು ಹಿಡಿಸಿದಿರಿ ಎಂಬುದೇ ಸ್ಕೋರ್. ಮೊದಲ ದಿನ ಐದಾರು ಹಿಡಿಸಿದರೆ ಚೆನ್ನ. ಚೆಂಡುಗಳು ಒತ್ತೊತ್ತಾಗಿ ನಿಂತಷ್ಟೂ ಕೈಯ ಹದ ಸೂಕ್ಷ್ಮವಾಗುತ್ತದೆ. ಇಳಿಜಾರಿನಲ್ಲಿ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಆಡಿದರೆ ಅದೇ ಆಟ ಬೇರೆಯದೇ ಆಗುತ್ತದೆ.

ಇನ್ನು ಒತ್ತಡ. ಕುಳಿಯ ಸುತ್ತ 3 ಅಡಿ ದೂರದಲ್ಲಿ ಆರು ಟೀ ನೆಟ್ಟು ಗಡಿಯಾರದಂತೆ ಸುತ್ತುತ್ತಾ ಹೊಡೆಯಿರಿ. ಒಂದು ತಪ್ಪಿದರೆ ಮೊದಲಿನಿಂದ. ಅಮೆರಿಕದ ವೃತ್ತಿಪರ ಆಟಗಾರ ಫಿಲ್ ಮಿಕೆಲ್ಸನ್ ಇದನ್ನು ಸತತ ನೂರರ ಗುರಿಯಿಟ್ಟು ಮಾಡಿದ್ದು ಪ್ರಸಿದ್ಧ. ನೀವು 12ರಿಂದ ಶುರುಮಾಡಿ. ನೂರು ಎಂದು ಹೊರಟರೆ ಇಪ್ಪತ್ತೊಂಬತ್ತಕ್ಕೆ ತಪ್ಪಿ, ಮತ್ತೆ ಹದಿನೇಳಕ್ಕೆ ತಪ್ಪಿ, ಸಿಟ್ಟಿನಲ್ಲಿ ಮನೆಗೆ ಹೋಗುತ್ತೀರಿ. ಮೂರು ಯತ್ನದಲ್ಲಿ ಒಂದೆರಡು ಸಲ ಗೆಲ್ಲುವಂತಿರುವ ಗುರಿಯೇ ಆಟಕ್ಕೆ ಹದ. ಹನ್ನೆರಡು ಸಲೀಸಾದ ಮೇಲೆ 18. ಹಾಗೆಯೇ ದೂರದ ಪಟ್ ತಪ್ಪಿದರೆ ಹಣೆ ಚಚ್ಚಿಕೊಳ್ಳಬೇಡಿ: ಪಿಜಿಎ ಟೂರ್ (ಅಮೆರಿಕದ ವೃತ್ತಿಪರರ ಪಂದ್ಯಸರಣಿ) ಆಟಗಾರರೇ 8 ಅಡಿಯಿಂದ ಹಾಕುವುದು ಸುಮಾರು ಅರ್ಧದಷ್ಟು, 20 ಅಡಿಯಿಂದ ಏಳಕ್ಕೊಂದು.

ಪ್ರಶ್ನೆ: ಗ್ರೀನ್ ಪಕ್ಕದ ಚಿಪ್ ಹೊಡೆತಗಳಿಗೆ ಒಳ್ಳೆಯ ಆಟ ಯಾವುದು?

‘ಪಾರ್ 18’. ಒಂದೇ ಚೆಂಡು, ಒಂದು ಪಟರ್, ನಿಮಗಿಷ್ಟವಾದ ವೆಜ್‌ಗಳು. ಗ್ರೀನ್ ಸುತ್ತ ಒಂಬತ್ತು ಜಾಗ ಆರಿಸಿ: ಮೂರು ಸುಲಭ, ಮೂರು ಮಧ್ಯಮ, ಮೂರು ಕಷ್ಟ. ಪ್ರತಿ ಜಾಗದಿಂದ ಚಿಪ್ ಮಾಡಿ, ಚೆಂಡು ಕುಳಿಗೆ ಬೀಳುವವರೆಗೆ ಪಟ್ ಮಾಡಿ. ಪ್ರತಿಯೊಂದಕ್ಕೂ ಪಾರ್ 2, ಒಟ್ಟು 18. ಎಲ್ಲ ಕಡೆ ಮೂರು ಹೊಡೆತವಾದರೆ 27. ಅದರ ಕೆಳಗೆ ಇಳಿದರೆ ದಾರಿಯಲ್ಲಿದ್ದೀರಿ.

ಜನ ಮಾಡುವ ಮೋಸ ಒಂದೇ, ಒಳ್ಳೆಯ ಹುಲ್ಲಿನ ಮೇಲೆ ಚೆಂಡನ್ನು ಕೈಯಿಂದ ಇಡುವುದು. ಭುಜದೆತ್ತರದಿಂದ ಬೀಳಿಸಿ, ಎಲ್ಲಿ ನಿಂತಿತೋ ಅಲ್ಲಿಂದಲೇ ಆಡಿ. ಆಗ ಒಂದು ಹುಲ್ಲಿನೊಳಗೆ ಕೂತಿರುತ್ತದೆ, ಇನ್ನೊಂದು ಬೋಳು ನೆಲದಲ್ಲಿ. ಯಾವ ಕ್ಲಬ್ ಎಂದು ಯೋಚಿಸುವ ಕೆಲಸ ತಾನಾಗಿ ಹುಟ್ಟಿಕೊಳ್ಳುತ್ತದೆ, ಬೇಸರಕ್ಕೆ ಜಾಗವಿರುವುದಿಲ್ಲ. ಮುಗಿದ ಮೇಲೆ ಒಂದು ಸಂಖ್ಯೆ ಹೆಚ್ಚಿಗೆ ಬರೆಯಿರಿ: ಒಂಬತ್ತರಲ್ಲಿ ಎಷ್ಟು ಚಿಪ್‌ಗಳು ಪಟರ್ ಉದ್ದದೊಳಗೆ ನಿಂತವು. ಅದು ಆರು ಇದ್ದೂ ಸ್ಕೋರ್ 26 ಆದರೆ ತಪ್ಪು ಚಿಪ್‌ನದಲ್ಲ.

ಬಂಕರ್ ಸೇರಿಸಬಹುದು. ಅದಕ್ಕೆ ಮೊದಲು ಚೆಂಡಿಲ್ಲದೆ ಐದು ನಿಮಿಷ: ಮರಳಿನಲ್ಲಿ ಉದ್ದ ಗೆರೆ ಎಳೆದು, ಗೆರೆಯ ಉದ್ದಕ್ಕೂ ನಡೆಯುತ್ತಾ ಪ್ರತಿ ಸ್ವಿಂಗ್‌ನಲ್ಲಿ ಕ್ಲಬ್ ಗೆರೆಯ ಮೇಲೇ ಮರಳಿಗೆ ಇಳಿಯುವಂತೆ ನೋಡಿಕೊಳ್ಳಿ. ಗುಂಡಿಗಳು ಗೆರೆಯ ಹಿಂದೆ ಮುಂದೆ ಓಡಾಡಿದರೆ ಚೆಂಡಿನ ಮಾತು ಆಮೇಲೆ. ಗೆರೆ ಒಲಿದ ಮೇಲೆ ಚೆಂಡನ್ನು ಅದರ ಮುಂದೆ ನಾಲ್ಕು ಬೆರಳಗಲ ಇಡಿ.

ಪ್ರಶ್ನೆ: ಸುತ್ತು ಆಡುವಾಗಲೇ ಗ್ರೀನ್ ಮೇಲೆ ಒಂದೆರಡು ಪಟ್ ಅಭ್ಯಾಸ ಮಾಡಬಹುದೇ?

ನಿಯಮ 5.5ರ ಪ್ರಕಾರ ಹೋಲ್ ಆಡುತ್ತಿರುವಾಗ ಅಭ್ಯಾಸದ ಹೊಡೆತ ಸಲ್ಲದು. ಹೋಲ್ ಮುಗಿದ ಮೇಲೆ, ಆಗಷ್ಟೇ ಮುಗಿಸಿದ ಗ್ರೀನ್, ಯಾವುದೇ ಅಭ್ಯಾಸದ ಗ್ರೀನ್ ಅಥವಾ ಮುಂದಿನ ಹೋಲ್ ಶುರುವಾಗುವ ಟೀ ಜಾಗದಲ್ಲಿ ಇಲ್ಲವೇ ಹತ್ತಿರದಲ್ಲಿ ಪಟ್, ಚಿಪ್ ಮಾಡಬಹುದು. ಬಂಕರ್‌ನಿಂದ ಕೂಡದು, ಆಟ ತಡವಾಗಬಾರದು. ಸ್ಪರ್ಧೆಯ ಸಮಿತಿ ಸ್ಥಳೀಯ ನಿಯಮದಿಂದ ಇದನ್ನೂ ನಿಷೇಧಿಸಬಹುದು, ಹಾಗಾಗಿ ಸ್ಕೋರ್ ಕಾರ್ಡಿನ ಹಿಂಬದಿ ಓದಿ. ಎರಡು ಹೋಲ್‌ಗಳ ನಡುವೆ ಇದನ್ನು ಮೀರಿದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಸ್ಪರ್ಧೆ) ಮುಂದಿನ ಹೋಲ್‌ಗೆ ಎರಡು ಹೊಡೆತದ ದಂಡ. ಹಿಂದಿನ ಗುಂಪು ಕಾಯುತ್ತಿದ್ದರೆ ನಿಯಮ ಏನೇ ಹೇಳಲಿ, ಜಾಗ ಖಾಲಿ ಮಾಡಿ.

ಪ್ರಶ್ನೆ: ವಾರದ ದಿನಗಳಲ್ಲಿ ರೇಂಜ್‌ಗೆ ಹೋಗಲಾಗುವುದಿಲ್ಲ. ಮನೆಯಲ್ಲಿ ಕಾರ್ಪೆಟ್ ಇದೆ, ರಾತ್ರಿ ಇಪ್ಪತ್ತು ನಿಮಿಷ ಇದೆ.

ಕಾರ್ಪೆಟ್ ಮೇಲೆ ಒಂದು ಮೀಟರ್ ಉದ್ದದ, ಸುಮಾರು 25 ಮಿ.ಮೀ. ಅಗಲದ ಉಕ್ಕಿನ ಸ್ಕೇಲ್ ಇಡಿ. ಚೆಂಡನ್ನು ಸ್ಕೇಲಿನ ಒಂದು ತುದಿಯಲ್ಲಿ ಕೂರಿಸಿ (ನೇತುಹಾಕಲು ಇರುವ ತೂತು ಆ ಕಡೆ ಬಂದರೆ ಚೆಂಡು ಅಲುಗದೆ ಕೂರುತ್ತದೆ), ಇನ್ನೊಂದು ತುದಿಯವರೆಗೆ ಕೆಳಗೆ ಜಾರದಂತೆ ಉರುಳಿಸಿ. ನೋಡಲು ಹುಡುಗಾಟ ಅನಿಸುತ್ತದೆ. ಚೆಂಡು ಕೊನೆ ಮುಟ್ಟಿತೆಂದರೆ ಹೊರಟ ದಿಕ್ಕಿನ ತಪ್ಪು ಒಂದು ಡಿಗ್ರಿಗೂ ಕಡಿಮೆ. ಸಮತಟ್ಟು ಗ್ರೀನ್‌ನಲ್ಲಿ 4 ಮೀಟರ್ ದೂರದ ಕುಳಿಗೂ ಅದು ಸಾಕು. ಹತ್ತಕ್ಕೆ ಎಷ್ಟು ಎಂದು ಬರೆಯಿರಿ. ಸ್ಕೇಲ್ ಬಾಗಿದ್ದರೆ ಎಲ್ಲ ಚೆಂಡೂ ಒಂದೇ ಕಡೆ ಜಾರುತ್ತವೆ. ನಿಮ್ಮನ್ನು ನೀವು ಬೈದುಕೊಳ್ಳುವ ಮೊದಲು ಸ್ಕೇಲ್ ತಿರುಗಿಸಿ ನೋಡಿ.

ವೇಗಕ್ಕೆ ಕಾರ್ಪೆಟ್ಟಿನ ಕೊನೆಯಲ್ಲಿ ಟವೆಲ್ ಹಾಸಿ, ಚೆಂಡು ಟವೆಲ್ ಹತ್ತಿ ಅದರ ಮೇಲೇ ನಿಲ್ಲಬೇಕು ಎಂದು ಕಟ್ಟು ಮಾಡಿ. ಹತ್ತದೇ ನಿಂತರೂ ಸೊನ್ನೆ, ದಾಟಿ ಹೋದರೂ ಸೊನ್ನೆ. ಸ್ಕೇಲಿನ ಹತ್ತು, ಟವೆಲ್ಲಿನ ಹತ್ತು, ಒಟ್ಟು ಇಪ್ಪತ್ತು ಅಂಕ. ನಿನ್ನೆಯ ಅಂಕ ಮುರಿದ ಕೂಡಲೇ ನಿಲ್ಲಿಸಿ, ಇನ್ನೂ ಸಮಯ ಇದ್ದರೂ ಸರಿ. ಗೆದ್ದು ಎದ್ದ ದಿನ ಮರುದಿನ ಪಟರ್ ಹಿಡಿಯಲು ಕೈ ತುರಿಸುತ್ತದೆ.

ಪ್ರಶ್ನೆ: ವಾರಕ್ಕೆ ಎರಡು ಗಂಟೆ ಮಾತ್ರ ಸಿಗುತ್ತದೆ. ಯಾವುದಕ್ಕೆ ಎಷ್ಟು?

‘ಪಟಿಂಗೇ ಎಲ್ಲ’ ಎಂಬ ಹಳೆಯ ಮಾತನ್ನು ಅರ್ಧ ನಂಬಿ. ಗಾಲ್ಫ್ ಅಂಕಿಅಂಶಗಳ ಸಂಶೋಧಕ ಮಾರ್ಕ್ ಬ್ರಾಡಿ ಪಿಜಿಎ ಟೂರ್‌ನ ಹೊಡೆತಗಳ ಅಂಕಿಅಂಶ ಜಾಲಾಡಿದಾಗ, ಅಗ್ರ ಆಟಗಾರರು ಉಳಿದವರ ಮೇಲೆ ಪಡೆಯುವ ಮುನ್ನಡೆಯಲ್ಲಿ ಶೇಕಡಾ 40ರಷ್ಟು ಗ್ರೀನ್‌ಗೆ ಹೊಡೆಯುವ ಅಪ್ರೋಚ್‌ಗಳಿಂದ, 28ರಷ್ಟು ಡ್ರೈವಿಂಗ್‌ನಿಂದ, 17 ಚಿಪ್-ಬಂಕರ್‌ಗಳಿಂದ, 15 ಪಟಿಂಗ್‌ನಿಂದ ಬರುತ್ತದೆಂದು ಕಂಡುಬಂತು. ಅವರ ಲೆಕ್ಕ ನಿಮಗೆ ಹಾಗೇ ಒಪ್ಪುವುದಿಲ್ಲ. ಟೀಯಿಂದ ಹೊಡೆದು ಪ್ರತಿ ಸುತ್ತಿನಲ್ಲೂ ಮೂರು ಚೆಂಡು ಕಳೆದುಕೊಳ್ಳುವವರಿಗೆ ಡ್ರೈವರೇ ಮೊದಲ ಶತ್ರು.

ಮುಂದಿನ ಮೂರು ಸುತ್ತಿನಲ್ಲಿ ಕಾರ್ಡಿನ ಅಂಚಿನಲ್ಲಿ ನಾಲ್ಕು ಗುರುತು ಹಾಕಿ: ದಂಡದ ಹೊಡೆತ, ಚೆಂಡಿನ ಬದಲು ನೆಲ ಅಥವಾ ಚೆಂಡಿನ ತಲೆಗೆ ತಾಗಿದ ಐರನ್, ಮೊದಲ ಯತ್ನದಲ್ಲಿ ಗ್ರೀನ್ ಮುಟ್ಟದ ಚಿಪ್, ಮೂರು ಪಟ್. ಯಾವುದು ಹೆಚ್ಚೋ ಅದಕ್ಕೆ ಒಂದು ಗಂಟೆ, ಉಳಿದ ಮೂರಕ್ಕೆ ತಲಾ ಇಪ್ಪತ್ತು ನಿಮಿಷ. ತಿಂಗಳಿಗೊಮ್ಮೆ ಮತ್ತೆ ಎಣಿಸಿ, ಶತ್ರು ಬದಲಾಗಿರುತ್ತಾನೆ.

ಪ್ರಶ್ನೆ: ನನ್ನ ಗೆಳೆಯನ ಹ್ಯಾಂಡಿಕ್ಯಾಪ್ (ಕಡಿಮೆಯಿದ್ದಷ್ಟೂ ಆಟ ಒಳ್ಳೆಯದು) 8, ನನ್ನದು 24. ಜೊತೆಯಲ್ಲಿ ಅಭ್ಯಾಸ ಮಾಡಿದರೆ ಒಂದೋ ಅವನಿಗೆ ಬೋರು, ಇಲ್ಲವೇ ನನಗೆ ಅವಮಾನ.

ಇಬ್ಬರೂ ಎರಡೆರಡು ಚೆಂಡು ಆಡಿ. ನೀವು ಎರಡರಲ್ಲಿ ಒಳ್ಳೆಯದನ್ನು ಆರಿಸಿ ಅಲ್ಲಿಂದ ಮುಂದುವರಿಯಿರಿ. ಅವರು ಎರಡರಲ್ಲಿ ಕೆಟ್ಟದ್ದರಿಂದ ಎರಡನ್ನೂ ಹೊಡೆಯಬೇಕು. ಎರಡೂ ಚೆಂಡು ಕುಳಿಗೆ ಬಿದ್ದರಷ್ಟೇ ಅವರ ಹೋಲ್ ಮುಗಿದಂತೆ. 8ರ ಆಟಗಾರನ ಬೆವರು ಆಗ ನೋಡಬೇಕು. ಕೋರ್ಸ್ ಖಾಲಿಯಿರುವ ಹೊತ್ತಿನಲ್ಲಿ, ಅನುಮತಿ ಕೇಳಿ ಆಡಿ, ಸಮಯ ದುಪ್ಪಟ್ಟು ಹಿಡಿಯುತ್ತದೆ.

ಪಟಿಂಗ್ ಗ್ರೀನ್‌ನಲ್ಲಾದರೆ ಅಷ್ಟು ಅಂತರ ಬೇಕಿಲ್ಲ. ಮೊದಲ ಪಟ್ ತಪ್ಪಿದರೆ ಚೆಂಡನ್ನು ಕುಳಿಯಿಂದ ಒಂದು ಪಟರ್ ಉದ್ದ ಹಿಂದಕ್ಕೆ ಎಳೆದು ಮುಂದಿನದನ್ನು ಹೊಡೆಯಿರಿ. ಸುಮ್ಮನೆ ತಟ್ಟಿ ಹಾಕುವ ಪಟ್ ಒಂದೂ ಉಳಿಯುವುದಿಲ್ಲ.

ಪ್ರಶ್ನೆ: ಕೋಚ್ ಹಿಡಿತ ಬದಲಿಸಿದ್ದಾರೆ. ಆಟವಾಡುತ್ತಾ ಅಭ್ಯಾಸ ಮಾಡಿದರೆ ಹಳೆಯ ಹಿಡಿತಕ್ಕೇ ಜಾರುತ್ತೇನೆ. ನಿಮ್ಮ ಸಲಹೆ ನನಗೂ ಅನ್ವಯವೇ?

ಸದ್ಯಕ್ಕಿಲ್ಲ. ಹೊಸ ಚಲನೆ ಕೈಗೆ ಇನ್ನೂ ಬಾರದವರಿಗೆ ಒಂದೇ ಕ್ಲಬ್, ಒಂದೇ ಹೊಡೆತವೇ ಒಳ್ಳೆಯದು. ಸ್ಕೋರ್ ಇಟ್ಟರೆ ಮನಸ್ಸು ಗೆಲ್ಲುವ ದಾರಿ ಹುಡುಕುತ್ತದೆ, ಗೆಲ್ಲುವ ದಾರಿ ಹಳೆಯ ಹಿಡಿತದಲ್ಲೇ ಇದೆ. ಅಂಕವನ್ನು ಚೆಂಡಿಗೆ ಕೊಡಬೇಡಿ, ಹಿಡಿತಕ್ಕೆ ಕೊಡಿ. ಪ್ರತಿ ಚೆಂಡಿಗೂ ಕೈ ಪೂರ್ತಿ ಬಿಟ್ಟು, ಕ್ಲಬ್ ನೆಲಕ್ಕೆ ಊರಿ, ಮತ್ತೆ ಹಿಡಿಯಿರಿ. ಚೆಂಡಿಲ್ಲದೆ ಎರಡು ಅರ್ಧ ಸ್ವಿಂಗ್, ಚೆಂಡಿನೊಂದಿಗೆ ಒಂದು. ಹೊಡೆದು ಮುಗಿದ ಭಂಗಿಯಲ್ಲೇ ನಿಂತು ಕೈ ನೋಡಿಕೊಳ್ಳಿ: ಹಿಡಿತ ಸರಿದಿಲ್ಲವೇ? 1 ಅಂಕ. ಚೆಂಡು ಎಲ್ಲಿ ಹೋಯಿತೆಂದು ಕೇಳಲೇಬೇಡಿ. ಹತ್ತಕ್ಕೆ ಎಂಟೊಂಬತ್ತು ಬರತೊಡಗಿದ ಮೇಲೆ ಕ್ಲಬ್ ಬದಲಿಸಿ, ಆಮೇಲೆ ಗುರಿ ಬದಲಿಸಿ, ಕೊನೆಗೆ ಸ್ಕೋರ್.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಹತ್ತು ನಿಮಿಷಕ್ಕೇ ಸಾಕಾಗುತ್ತದೆ.

ಹಾಗಾದರೆ ಹತ್ತು ನಿಮಿಷ ಆಡಿಸಿ, ಅವಳು ಇನ್ನೂ ಬೇಕು ಅನ್ನುವಾಗಲೇ ಚೀಲ ಕಟ್ಟಿ. ಬಳೆಯಾಕಾರದ ದೊಡ್ಡ ರಿಂಗು, ಬಕೆಟ್, ತೆರೆದ ಛತ್ರಿ ಇವೇ ಗುರಿಗಳು. ಛತ್ರಿಯೊಳಗೆ ಚೆಂಡು ಬಿದ್ದಾಗ ಬರುವ ‘ದಬ್’ ಸದ್ದಿಗೆ ಯಾವ ಬಹುಮಾನವೂ ಸಾಟಿಯಲ್ಲ. ಪ್ರತಿ ಚೆಂಡಿಗೂ ದೂರ ಬದಲಾಗಲಿ. 1978ರಲ್ಲಿ ಕರ್ ಮತ್ತು ಬೂತ್ ಇದೇ ವಯಸ್ಸಿನ ಮಕ್ಕಳಿಂದ ಕಾಳು ತುಂಬಿದ ಚೀಲಗಳನ್ನು ಗುರಿಗೆ ಎಸೆಸಿದಾಗ, 3 ಅಡಿಯಿಂದಲೇ ಎಸೆದು ಕಲಿತವರಿಗಿಂತ 2 ಮತ್ತು 4 ಅಡಿಯಿಂದ ಕಲಿತ ಮಕ್ಕಳೇ 3 ಅಡಿಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು. ದೊಡ್ಡವರ ಕ್ಲಬ್ಬನ್ನು ಕತ್ತರಿಸಿ ಕೊಡಬೇಡಿ, ತಲೆ ಭಾರವಾಗಿ ಮೈಯೆಲ್ಲ ಎಳೆಯುತ್ತದೆ. ಇಬ್ಬರು ಮಕ್ಕಳಿದ್ದರೆ ಅಕ್ಕಪಕ್ಕ ಒಂದೇ ಸಾಲಿನಲ್ಲಿ ದೂರ ದೂರ ನಿಲ್ಲಿಸಿ, ಒಬ್ಬರು ಹೊಡೆಯುವಾಗ ಇನ್ನೊಬ್ಬರ ಕ್ಲಬ್ ನೆಲದ ಮೇಲಿರಲಿ.

ಪ್ರಶ್ನೆ: ವೆಜ್‌ನಲ್ಲಿ ಪೂರ್ತಿ ಸ್ವಿಂಗ್ ಸರಿ. 50-60 ಗಜದ ನಡುವಿನ ದೂರ ಬಂದರೆ ಕೈ ನಡುಗುತ್ತದೆ. ಇದಕ್ಕೂ ಆಟ ಇದೆಯೇ?

ಇದೆ, ಮೊದಲು ಒಂದು ಪಟ್ಟಿ ಬೇಕು. ಹಿಂದಕ್ಕೆ ಎತ್ತುವ ಎಡಗೈ ಗಡಿಯಾರದ ಮುಳ್ಳು ಎಂದುಕೊಂಡು ಮೂರು ಸ್ವಿಂಗ್ ಗೊತ್ತುಮಾಡಿ: ಏಳೂವರೆ, ಒಂಬತ್ತು, ಹತ್ತೂವರೆ. ಮೂರು ವೆಜ್ ಇದ್ದರೆ ಒಂಬತ್ತು ದೂರಗಳಾದವು. ನೀವು ಆಡುವ ಚೆಂಡಿನಲ್ಲೇ ಪ್ರತಿಯೊಂದಕ್ಕೂ ಆರು ಹೊಡೆದು, ಅತಿ ಗಿಡ್ಡ ಮತ್ತು ಅತಿ ಉದ್ದ ಬಿಟ್ಟು, ಉಳಿದ ನಾಲ್ಕರ ಸರಾಸರಿ ಬರೆದುಕೊಳ್ಳಿ. ಚೆಂಡು ಬಿದ್ದ ಜಾಗ ಅಳೆಯಿರಿ, ಉರುಳಿ ನಿಂತದ್ದಲ್ಲ. ಚೀಟಿ ಜೇಬಿನಲ್ಲಿರಲಿ. ದೂರ ಕಡಿಮೆ ಬೇಕೆಂದು ಇಳಿಯುವಾಗ ಕೈ ನಿಧಾನಿಸುವುದೇ ನಿಮ್ಮ ನಡುಕದ ಮೂಲ. ಹಿಂದಕ್ಕೆ ಎತ್ತುವುದು ಗಿಡ್ಡವಾಗಲಿ, ಮುಂದಕ್ಕೆ ಹೋಗುವ ವೇಗ ತಗ್ಗದಿರಲಿ.

ಆಮೇಲೆ ಆಟ. 30ರಿಂದ 90 ಗಜದವರೆಗಿನ ದೂರಗಳನ್ನು ಹತ್ತು ಚೀಟಿಗಳಲ್ಲಿ ಬರೆದು ಟೋಪಿಗೆ ಹಾಕಿ. ಒಂದೊಂದೇ ಎತ್ತಿ, ಬಂದ ದೂರಕ್ಕೆ ಒಂದೇ ಚೆಂಡು. ಐದು ಹೆಜ್ಜೆಯೊಳಗೆ ಬಿದ್ದರೆ 2, ಹತ್ತು ಹೆಜ್ಜೆಯೊಳಗೆ 1. ಬರೆದಿಟ್ಟ ಒಂಬತ್ತು ದೂರಗಳ ನಡುವಿನ ಸಂಖ್ಯೆ ಬಂದಾಗ, ಅದಕ್ಕಿಂತ ತುಸು ಉದ್ದದ ದೂರ ತೆಗೆದುಕೊಂಡು ಕ್ಲಬ್ಬನ್ನು ಒಂದಿಷ್ಟು ಕೆಳಗೆ ಹಿಡಿದು ಹೊಂದಿಸಿ. 12 ದಾಟಿದ ದಿನ ಚೀಟಿಗಳನ್ನು ಹೊಸದಾಗಿ ಬರೆಯಿರಿ.